ಸದ್ದು ಮಾಡದ ಬೈಕಿನ ಧರ್ಮ ಭಾವ

ಶಾಕ್‌ಅಬ್ಸಾರ್ಬರಿನ ರಾಡನ್ನು ಧರ್ಮ ಭಾವ ತುಟಿಯಿಂದ ಪರೀಕ್ಷೆ ಮಾಡುತ್ತಿದ್ದರು. ಪೆಟ್ರೋಲಿನಲ್ಲಿ ತೊಳೆದು, ಹಳೇ ಪಂಚೆಯ ಚೂರಿನಲ್ಲಿ ಒರೆಸಿ, ಹೊಳೆಯುವ ಆ ಉಕ್ಕಿನ ಸಲಾಕೆಯನ್ನು ಕೆಳತುಟಿಗೆ ಒತ್ತಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಎಳೆಯುತ್ತಿದ್ದರು. ಕೊಳಲು ಊದಲು ಕೂತವರು ತೂತು ಎಲ್ಲಿದೆ ಎಂದು ಹುಡುಕಿದ ಹಾಗೆ ಕಾಣುತ್ತಿತ್ತು. ಎಲ್ಲಾದರೂ ಕೂದಲೆಳೆಯಷ್ಟು ಗೀರು ಸಿಕ್ಕರೆ ಅಲ್ಲೇ ನಿಲ್ಲಿಸಿ, ಕಣ್ಣು ಮುಚ್ಚಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಆಡಿಸಿ, “ಇಲ್ಲೈತೆ ನೋಡು, ಉಗುರು ಹಾಕು” ಅನ್ನುತ್ತಿದ್ದರು. ನಾನು ಉಗುರು ಹಾಕಿ ನೋಡಿದರೆ ಸಾಮಾನ್ಯವಾಗಿ ಇರುತ್ತಿತ್ತು. ಕೆಲವು ಸಲ ಇರುತ್ತಿರಲಿಲ್ಲ. ಇಲ್ಲ ಭಾವ ಅಂದರೆ ಅವರಿಗೆ ಸಿಟ್ಟು. “ನಿನ್ನ ಉಗುರು ಮೊಂಡು ಕಣೋ” ಎಂದು ತಪ್ಪನ್ನು ನನ್ನ ಉಗುರಿನ ಮೇಲೆ ಹಾಕುತ್ತಿದ್ದರು.

“ಮುದ್ದು ಮಾಡಿ ಮುಗ್ದಿದ್ರೆ ಬಾಯಿ ತೊಳ್ಕೊಂಡು ಬನ್ರೀ, ರೊಟ್ಟಿ ಆರ್ತಾ ಐತೆ” ಎಂದು ಒಳಗಿನಿಂದ ಅಕ್ಕ ಕೂಗುತ್ತಿದ್ದಳು. ಭಾವ ಬಾಯಿ ತೊಳೆಯುತ್ತಿರಲಿಲ್ಲ. ಆಮೇಲೆ ಅಕ್ಕಿ ರೊಟ್ಟಿ ಪೆಟ್ರೋಲ್ ವಾಸನೆ ಹೊಡೀತೈತೆ ಎಂದು ಅಕ್ಕನಿಗೇ ಬಯ್ಯುತ್ತಿದ್ದರು.

ಬೆರಳು ಬಿಟ್ಟು ತುಟಿಗೆ ಬಂದದ್ದಕ್ಕೆ ಕಾರಣ ಸಕ್ಕರೆ ಕಾಯಿಲೆ. ಅವರ ಬೆರಳ ತುದಿಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಿಡಿದರೆ ಹಿಡಿದದ್ದು ಗೊತ್ತು, ಆದರೆ ಹಿಡಿದದ್ದು ನುಣುಪೋ ಒರಟೋ, ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. “ಬೇರೆ ಯಾರ್ದೋ ಕೈ ಇಸ್ಕೊಂಡು ಬಂದಂಗೈತೆ” ಅನ್ನುತ್ತಿದ್ದರು. ಇಷ್ಟಾದರೂ ಹಲಸಿನ ಹಣ್ಣು ಬಿಡಲಿಲ್ಲ. ಡಾಕ್ಟರು ಬೇಡ ಅಂದದ್ದು ಸಕ್ಕರೆ, ಹಣ್ಣಲ್ಲ ಎಂದು ವಾದ. ಅವರು ಹೋದ ಮೇಲೆ ನನಗೂ ಒಳಗೆ ಅವರ ಬೆರಳಿನ ಹಾಗೇ ಆಗಿದೆ. ಎಲ್ಲ ನಡೆಯುತ್ತಿರುವುದು ಗೊತ್ತು, ಅಷ್ಟೇ. ಈ ಬರಹವನ್ನೂ ಹಾಗೇ ಬರೆಯುತ್ತಿದ್ದೇನೆ. ಓದುವವರು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಧರ್ಮ ಭಾವ ನನ್ನ ಅಕ್ಕ ಶಾರದೆಯ ಗಂಡ. ಮಗ್ಗೆಯಿಂದ ಮೇಲಕ್ಕೆ ಹತ್ತುವ ಮಣ್ಣು ರಸ್ತೆಯ ಕೊನೆಯಲ್ಲಿ ಅವರ ಮನೆ, ಮನೆಯ ಹಿಂದೆ ಸಣ್ಣ ಕಾಫಿ ತೋಟ, ತೋಟದ ಸುತ್ತ ದೊಡ್ಡವರ ಎಸ್ಟೇಟುಗಳು. ಒಬ್ಬಳೇ ಮಗಳು, ಮದುವೆಯಾಗಿ ಅರಸೀಕೆರೆಯಲ್ಲಿದ್ದಾಳೆ. ನನ್ನದು ಆಲೂರಿನಲ್ಲಿ ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ. ಭಾನುವಾರ ಆಫೀಸು ಇಲ್ಲ, ಆದ್ದರಿಂದ ನನಗೂ ಕೆಲಸ ಇಲ್ಲ, ಆದ್ದರಿಂದ ಭಾವನ ಮನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದಕ್ಕೆ ಮುನಿಸಿಕೊಳ್ಳುತ್ತಿದ್ದಳು. ಆಮೇಲೆ ಅವಳೇ ನನ್ನ ಕೈಯಲ್ಲಿ ಹಳೇ ಬನಿಯನ್ನುಗಳನ್ನು ಕೊಟ್ಟು ಕಳಿಸತೊಡಗಿದಳು. ಎಣ್ಣೆ ಒರೆಸಲು ಅವು ಚೆನ್ನಾಗಿರುತ್ತವೆ ಎಂದು ಭಾವ ಫೋನ್ ಮಾಡಿ ಹೇಳಿದ್ದರಂತೆ.

ಅವರ ಬೈಕು ರೇಸಿನದ್ದು. ಸಕಲೇಶಪುರದ ಕಡೆಯ ಯಾವುದೋ ಎಸ್ಟೇಟಿನ ಹುಡುಗರು ಕೆಸರಿನಲ್ಲಿ, ದಿಬ್ಬದಲ್ಲಿ ಓಡಿಸಿ, ಬೇಜಾರಾಗಿ ಸ್ಟೋರಿನ ಮೂಲೆಗೆ ಎಸೆದಿದ್ದ ಡರ್ಟ್ ಬೈಕು. ಅದರ ಸೀಟು ನನ್ನ ಸೊಂಟದಷ್ಟು ಎತ್ತರ, ಭಾವ ನನಗಿಂತ ಕುಳ್ಳು. ಹತ್ತಬೇಕಾದರೆ ಅದನ್ನು ಮನೆಯ ಮೆಟ್ಟಿಲ ಪಕ್ಕ ನಿಲ್ಲಿಸಿ, ಮೇಲಿನ ಮೆಟ್ಟಿಲಿಂದ ಕಾಲು ಹಾಕಬೇಕಾಗಿತ್ತು. ದಾರಿಯಲ್ಲಿ ಇಳಿದರೆ ಮತ್ತೆ ಹತ್ತಲು ಕಲ್ಲೋ ದರೆಯೋ ಹುಡುಕಬೇಕು. ಆ ವಯಸ್ಸಿನಲ್ಲಿ ಆ ಬೈಕು ಯಾಕೆ ಎಂದು ಊರೆಲ್ಲ ಕೇಳಿತ್ತು. ಅವರು ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ಹಿಂದಿನ ಚಕ್ರಕ್ಕೆ ಸೀಟಿನ ಕೆಳಗೆ ಒಂದೇ ಒಂದು ದಪ್ಪ ಶಾಕ್. ಬೈಕು ಕೊಂಡ ವರ್ಷವೇ ಅದರೊಳಗೆ ಎಣ್ಣೆ ತಡೆಯುವ ರಬ್ಬರಿನ ಸೀಲು ಹೋಗಿ ಸೋರತೊಡಗಿತು. ಪೇಟೆಯ ಮೆಕ್ಯಾನಿಕ್ಕು, ಇದನ್ನೆಲ್ಲ ಬಿಚ್ಚಕ್ಕಾಗಲ್ಲ, ಇಡೀ ಶಾಕೇ ಬದಲಾಯಿಸಬೇಕು ಅಂದ. ಭಾವನಿಗೆ ಅದು ಅವಮಾನ ಅನ್ನಿಸಿತು. “ಮನುಷ್ಯ ಕೂಡ್ಸಿದ್ದಲ್ವೇನೋ, ಬಿಚ್ಚಕ್ಕೆ ಬರ್ದೆ ಏನು?” ಎಂದು ನನ್ನ ಅಂಗಡಿಗೆ ಬಂದು, ಫೋನಿನಲ್ಲಿ ಒಂದು ವಿಡಿಯೋ ಇಳಿಸಿಕೊಂಡು ಹೋದರು. ಅದರಲ್ಲಿ ಯಾರೋ ವಿದೇಶದವನು ಟೇಬಲ್ಲಿನ ಮೇಲೆ ಹತ್ತಾರು ಸಾಮಾನು ಹರಡಿಕೊಂಡು ಶಾಕ್ ಬಿಚ್ಚುತ್ತಿದ್ದ. ಭಾವನ ಹತ್ತಿರ ಇದ್ದದ್ದು ಒಂದು ಸ್ಪ್ಯಾನರ್ ಸೆಟ್ಟು, ಸುತ್ತಿಗೆ, ಉಳಿ, ಎರಡು ಸ್ಕ್ರೂಡ್ರೈವರ್, ಸೈಕಲ್ಲಿನ ಕಡ್ಡಿಯನ್ನು ತೇದು ಮಾಡಿದ ಒಂದು ಕೊಕ್ಕೆ. ಹಿಡಿದು ನಿಲ್ಲಿಸಲು ವೈಸ್ ಇರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೈಪಲ್ಪರ್ ಇತ್ತು. ಅದರ ಕಬ್ಬಿಣದ ಚೌಕಟ್ಟಿಗೆ ಅಕ್ಕನ ಹಳೇ ಸೀರೆ ಸುತ್ತಿ, ನಡುವೆ ಶಾಕ್ ಸಿಕ್ಕಿಸಿ, ಹಗ್ಗ ಬಿಗಿದು ನಿಲ್ಲಿಸಿದರು.

ವಿಡಿಯೋದವನು ಮೊದಲು ಶಾಕಿನ ಪಕ್ಕದ ಸಣ್ಣ ಡಬ್ಬಿಯ ಮೂತಿಯನ್ನು ಒತ್ತಿ ಒಳಗಿನ ಗಾಳಿ ಬಿಟ್ಟಿದ್ದ. ಭಾವ ಅದನ್ನು ನೋಡಿದ್ದರು. ಆದರೆ ಟೈರಿಗೆ ಗಾಳಿ ಹಿಡಿಯುವ ಮುಂಚೆ ಒತ್ತಿ ನೋಡುತ್ತಾರಲ್ಲ, ಹಾಗೆ ಸುಮ್ಮನೆ ಒತ್ತಿದ ಅಂದುಕೊಂಡರು. ಗಾಳಿ ಬಿಡದೆ ಮುಚ್ಚಳದ ರಿಂಗು ಎಬ್ಬಿಸಿದ್ದೇ ತಡ, ಮುಚ್ಚಳ ಅವರ ಕಿವಿಯ ಪಕ್ಕದಲ್ಲೇ ಹಾರಿ, ಜಗಲಿಯ ಹೆಂಚು ಒಡೆದು ಹೊರಗೆ ಹೋಯಿತು. ಕಪ್ಪು ಎಣ್ಣೆ ಗೋಡೆಗೆ, ನನಗೆ, ಒಣಹಾಕಿದ್ದ ಮೆಣಸಿಗೆ ಎಲ್ಲ ಸಮನಾಗಿ ಬಿತ್ತು. ಒಳಗಿಂದ ಓಡಿ ಬಂದ ಅಕ್ಕ ಮೊದಲು ಹೆಂಚು ನೋಡಿದಳು, ಆಮೇಲೆ ಮೆಣಸು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

“ಬದುಕವ್ರಾ?” ಅಂದಳು ನನಗೆ.

“ಅವ್ರೆ” ಅಂದೆ.

“ಹಂಗಾದ್ರೆ ಮೆಣಸು ತೊಳ್ಯಕ್ಕೆ ಹೇಳು” ಎಂದು ಒಳಗೆ ಹೋದಳು.

ಆವತ್ತಿನಿಂದ ಭಾವನ ಬಾಯಲ್ಲಿ ಒಂದು ಮಾತು ನಿಂತುಬಿಟ್ಟಿತು: “ಮೊದ್ಲು ಗಾಳಿ ಬಿಡು, ಆಮೇಲೆ ಕೈ ಹಾಕು.” ಶಾಕಿಗೆ ಮಾತ್ರ ಅಲ್ಲ. ನಾನು ಹೆಂಡತಿಯ ಜೊತೆ ಜಗಳವಾಡಿ ಬಂದರೂ ಅದೇ ಮಾತು, ಪಕ್ಕದ ತೋಟದವರ ಜೊತೆ ಬೇಲಿ ತಕರಾರಾದರೂ ಅದೇ ಮಾತು. ಅವರಿಗೆ ಸಿಟ್ಟು ಬಂದಾಗ ನಾವು ಅದನ್ನು ಹೇಳಿದರೆ ಮಾತ್ರ ಇಷ್ಟವಾಗುತ್ತಿರಲಿಲ್ಲ.

ಅವರು ಆ ಶಾಕಿನ ಹಿಂದೆ ಅಷ್ಟು ಬಿದ್ದದ್ದು ಸೊಂಟನೋವಿಗೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಅವರಿಗೆ ಬೇಕಾಗಿದ್ದದ್ದು ಸದ್ದು ಮಾಡದ ಬೈಕು.

ಮಗ್ಗೆಯ ಮೇಲಿನ ಆ ತೋಟಗಳಲ್ಲಿ ಆನೆ ಇರುವುದು ಈಗ ಸುದ್ದಿಯಲ್ಲ. ಬೆಳಿಗ್ಗೆ ಎದ್ದರೆ ಯಾರ ತೋಟದಲ್ಲಿವೆ ಅನ್ನುವುದಷ್ಟೇ ಪ್ರಶ್ನೆ. ಭಾವ ಆನೆ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ನೆಂಟ್ರು ಅನ್ನುತ್ತಿದ್ದರು. “ನೆಂಟ್ರು ನಿನ್ನೆ ಕೆರೆ ಹತ್ರ ಇದ್ರು. ಮರಿ ಐತೆ, ಅದಕ್ಕೇ ನಿಧಾನ.” ಫೋನಿಗೆ ಮೆಸೇಜ್ ಬರುತ್ತದೆ, ಇಂಥ ಕಡೆ ಇವೆ, ಎಚ್ಚರ ಎಂದು. ಆದರೆ ಕೂಲಿಯವರ ಲೈನ್ ಮನೆಗಳಿರುವುದು ಕೆಳಗಿನ ಹಳ್ಳದಲ್ಲಿ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಭಾವ ದಿನಾ ಬೆಳಕು ಹರಿಯುವ ಹೊತ್ತಿಗೆ ಬೈಕಿನಲ್ಲಿ ಮೇಲಿನ ಗೇಟಿನವರೆಗೆ ಹೋಗಿ, ಅಲ್ಲಿ ಇಂಜಿನ್ ಆಫ್ ಮಾಡಿ, ಇಳಿಜಾರಿನಲ್ಲಿ ಬೈಕನ್ನು ಹಾಗೇ ಬಿಟ್ಟುಕೊಂಡು ಕೆಳಗೆ ಬರುತ್ತಿದ್ದರು. ಕೊಂಬೆ ಮುರಿಯುವ ಸದ್ದು, ತಿರುಳಿಗಾಗಿ ಬೈನೆ ಮರ ಸೀಳುವ ಸದ್ದು, ಹೊಟ್ಟೆ ಗುಡುಗುಡು ಅನ್ನುವ ಸದ್ದು ಎಲ್ಲಿಂದ ಬರುತ್ತದೆ ಎಂದು ಕಿವಿ ಕೊಟ್ಟು ಬರುವುದು. ಕೆಳಗೆ ಲೈನಿನ ಮುಂದೆ ನಿಂತು, “ಇವತ್ತು ಹಲಸಿನ ಮರದ ಕಡೆ ಹೋಗ್ಬ್ಯಾಡ್ರಿ, ರಸ್ತೆ ಮೇಲೇ ಬನ್ನಿ” ಎಂದು ಹೇಳುವುದು. ಕೆಲಸಕ್ಕೆ ಹೊರಡುವವರು ಅವರು ಬರುವವರೆಗೂ ಬಾಗಿಲಲ್ಲೇ ಕಾಯುತ್ತಿದ್ದರು. ಶಾಕ್ ಕೆಟ್ಟರೆ ಪ್ರತಿ ಗುಂಡಿಗೂ ಟಕ್ ಟಕ್ ಎಂದು ಹೊಡೆದುಕೊಳ್ಳುತ್ತದೆ, ಆ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ.

ಇದನ್ನು ಯಾಕೆ ಹಚ್ಚಿಕೊಂಡರು ಎಂದು ಅವರು ಹೇಳಿದ್ದು ಒಂದೇ ಸಲ, ಅದೂ ಶಾಕಿನ ಸ್ಪ್ರಿಂಗ್ ತೊಳೆಯುತ್ತಾ. ಕಾಫಿ ಕುಯ್ಲಿನ ಕಾಲದಲ್ಲಿ ಪುಟ್ಟಮ್ಮ ಎನ್ನುವ ಹೆಂಗಸು ಲೈನಿನಿಂದ ಅವರ ತೋಟಕ್ಕೆ ಬರುತ್ತಿದ್ದಳು. ಹಣ್ಣು ಉದುರುತ್ತಿತ್ತು, ಆಳು ಕಡಿಮೆ ಇತ್ತು. ನಾಳೆ ಒಂಚೂರು ಬೇಗ ಬಾರಮ್ಮ ಎಂದು ಭಾವ ಹೇಳಿದ್ದರು. ಅವಳು ಬೇಗ ಹೊರಟಳು. ಮಂಜಿನಲ್ಲಿ ಒಳದಾರಿಯ ತಿರುವಿನಲ್ಲಿ ಆನೆ ನಿಂತಿತ್ತು.

“ಬೇಗ ಬಾ ಅಂದೋನು ನಾನೇ ಕಣೋ” ಅಂದರು ಭಾವ. ಆಮೇಲೆ, “ಆ ಬನಿಯನ್ ಇತ್ಲಾಗೆ ಕೊಡು” ಅಂದರು. ಕೊಟ್ಟೆ.

ಶಾಕ್ ಬಿಚ್ಚಿ ಕೂಡಿಸುವುದು ವರ್ಷಕ್ಕೊಂದು ಸಲದ ಕೆಲಸವಾಯಿತು. ಆ ಕೆಸರಿಗೆ ಯಾವ ಸೀಲೂ ಅದಕ್ಕಿಂತ ಹೆಚ್ಚು ಬಾಳುವುದಿಲ್ಲ, ರಾಡಿನಲ್ಲಿ ಗೀರಿದ್ದರೆ ಇನ್ನೂ ಬೇಗ ಹರಿಯುತ್ತದೆ. ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿದು ಮೇಲಿನ ಬಳೆಯನ್ನು ಸಡಿಲ ಮಾಡಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಗಾಳಿ ಬಿಟ್ಟು, ಒಳಗಿನ ರಿಂಗು ತೆಗೆದು, ರಾಡು ಎಳೆದು, ಹಳೇ ಎಣ್ಣೆ ಚೆಲ್ಲಬೇಕು. ಹೊಸ ಸೀಲು ಹಾಕಿ, ಹೊಸ ಎಣ್ಣೆ ತುಂಬಿಸಿ, ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾ ಒಳಗೆ ಸೇರಿಕೊಂಡ ಗುಳ್ಳೆಗಳನ್ನು ಬಿಡಿಸಬೇಕು. ಒಂದು ಗುಳ್ಳೆ ಉಳಿದರೂ ಶಾಕ್ ಚಿಕ್ ಚಿಕ್ ಅನ್ನುತ್ತದೆ. ಭಾವ ಉಳಿದ ಯಾವ ವಿಷಯದಲ್ಲೂ ತಾಳ್ಮೆ ಇದ್ದವರಲ್ಲ. ಬಸ್ಸು ಸ್ವಲ್ಪ ತಡವಾದರೆ ನಡೆದೇ ಹೊರಡುವ ಮನುಷ್ಯ. ಗುಳ್ಳೆಯ ಮುಂದೆ ಮಾತ್ರ ಟಾರ್ಚ್ ಹಿಡಿದು ಮಧ್ಯಾಹ್ನವೆಲ್ಲ ಕೂರುತ್ತಿದ್ದರು. ಕೊನೆಯ ಗುಳ್ಳೆ ಬಂದು ಒಡೆದರೆ, “ಹೋಗ್ಬುಟ್ಟ ನೋಡು ಕಳ್ಳ” ಅನ್ನುತ್ತಿದ್ದರು.

ಅದಾದ ಮೇಲೆ ಸೀಲು ಕೂತ ಮುಚ್ಚಳವನ್ನು ಒಳಕ್ಕೆ ಒತ್ತಿ, ತಂತಿಯ ರಿಂಗನ್ನು ಗಾಡಿಯಲ್ಲಿ ಕೂರಿಸುವುದು. ಗಾಡಿ ಎಂದರೆ ಕೊಳವೆಯ ಒಳಗೋಡೆಯಲ್ಲಿ ಸುತ್ತ ಕೊರೆದ ಸಣ್ಣ ಕಾಲುವೆ. ಅದು ಕಣ್ಣಿಗೆ ಕಾಣುವುದಿಲ್ಲ, ಎಣ್ಣೆಯೊಳಗೆ ಬೆರಳಿನಿಂದಲೇ ತಡವಿ ನೋಡಬೇಕು. ರಿಂಗು ಪೂರ್ತಿ ಕೂರದೆ ಗಾಳಿ ತುಂಬಿಸಿದರೆ ಏನಾಗುತ್ತದೆ ಎಂದು ಒಡೆದ ಹೆಂಚು ಹೇಳಿತ್ತು. ಅಲ್ಲಿಗೆ ತುಟಿ ಹಾಕಲು ಬರುವುದಿಲ್ಲವಲ್ಲ, ಹಾಗಾಗಿ ಆ ಕೆಲಸ ನನ್ನದು. “ಕೂತ್ತಾ?” ಎಂದು ಕೇಳುತ್ತಿದ್ದರು. “ಕೂತ್ತು” ಅಂದರೆ, “ಸುತ್ತ ಇನ್ನೊಂದ್ಸಲ ತಡವು” ಅನ್ನುತ್ತಿದ್ದರು. ನನ್ನ ಬೆರಳು ಒಳಗೆ ಓಡಾಡುವಾಗ ಅವರ ಬೆರಳುಗಳೂ ಗಾಳಿಯಲ್ಲಿ ಸುತ್ತುತ್ತಿದ್ದವು.

ಕೊನೆಗೆ ಶಾಕಿಗೆ ಆ ಗಾಳಿ, ಅಂದರೆ ನೈಟ್ರೋಜನ್, ತುಂಬಿಸಲು ದೋಣಿಗಲ್ ಹತ್ತಿರ ಹೈವೇ ಪಕ್ಕದ ಲಾರಿ ಟೈರಿನ ಅಂಗಡಿಗೆ ಹೋಗಬೇಕು. ಬೈಕು ಮನೆಯಲ್ಲಿ ಹಿಂದಿನ ಶಾಕ್ ಇಲ್ಲದೆ ಕುಕ್ಕರಗಾಲಲ್ಲಿ ಕೂತಿರುವುದರಿಂದ ಬಸ್ಸೇ ಗತಿ. ಟವೆಲಿನಲ್ಲಿ ಸುತ್ತಿದ ಶಾಕನ್ನು ಭಾವ ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದರು. ಒಮ್ಮೆ ಪಕ್ಕದ ಅಜ್ಜಿ, “ಎಷ್ಟು ತಿಂಗಳಾಯ್ತಪ್ಪ?” ಎಂದು ಕೇಳಿದ್ದಕ್ಕೆ, “ಹೋದ್ ವರ್ಷದ್ದು ಅಜ್ಜಿ, ಎಣ್ಣೆ ಕುಡೀತೈತೆ, ಬೆಳೆಯಲ್ಲ” ಅಂದಿದ್ದರು. ಅಜ್ಜಿ ಟವೆಲ್ ಸರಿಸಿ ನೋಡಿ ಎದ್ದು ಹಿಂದಿನ ಸೀಟಿಗೆ ಹೋದಳು.

ಹೀಗೆ ಕೆಲವು ವರ್ಷ ನಡೆಯಿತು. ಒಂದು ದಿನ ಅಕ್ಕ ಫೋನ್ ಮಾಡಿದಳು. ತೋಟದಿಂದ ಬಂದ ಭಾವ ಜಗಲಿಯಿಂದ ಅಡುಗೆಮನೆಯವರೆಗೆ ನಡೆದುಹೋಗಿದ್ದರು, ಅವರ ಹಿಂದೆ ಸಿಮೆಂಟಿನ ಮೇಲೆ ರಕ್ತದ ಹೆಜ್ಜೆ ಬಿದ್ದಿತ್ತು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಅದು ಎಲ್ಲಿ ಬಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ, ಬಿದ್ದದ್ದೇ ಗೊತ್ತಿರಲಿಲ್ಲ. ಅಂಗಾಲಿನಲ್ಲಿ ಮುಳ್ಳು ಮುರಿದುಕೊಂಡಿತ್ತು. ಹಾಸನದ ಡಾಕ್ಟರು ಕಾಲು ಮುಟ್ಟಿ ನೋಡಿ, ಈ ಕಾಯಿಲೆಯಲ್ಲಿ ಕೈಗಿಂತ ಮೊದಲು ಕಾಲೇ ಮರಗಟ್ಟುವುದು, ಇದು ಎಷ್ಟೋ ವರ್ಷದ್ದು ಅಂದರು. ಬೆರಳಿನ ವಿಷಯ ಊರಿಗೆಲ್ಲ ಹೇಳಿಕೊಂಡು ತಿರುಗಿದ ಭಾವ ಕಾಲಿನ ವಿಷಯ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಬೈಕು ಬಿಡಿಸುತ್ತಾರೆ ಎಂದು ಗೊತ್ತಿತ್ತು.

“ಬ್ರೇಕ್ ಮೇಲೆ ಕಾಲೈತೋ ಇಲ್ವೋ ಅಂತಾನೇ ಗೊತ್ತಾಗಲ್ವಂತೆ. ಕಣ್ಣಲ್ಲಿ ನೋಡ್ಕೊಂಡು ತುಳೀತಾರಂತೆ” ಅಂದಳು ಅಕ್ಕ. “ಇಳಿಜಾರಲ್ಲಿ, ಆನೆ ಇರೋ ಕಡೆ. ಈ ಸಲ ಶಾಕ್ ಬಿಚ್ಚವ್ರೆ. ನೀನು ಬಂದು ಕೈ ಹಾಕ್ಬ್ಯಾಡ ಪ್ರಕಾಶ. ನೀನು ಹಾಕ್ಲಿಲ್ಲ ಅಂದ್ರೆ ಅದು ಕೂಡಲ್ಲ. ಕೂಡ್ಲಿಲ್ಲ ಅಂದ್ರೆ ಮನೇಲಿರ್ತಾರೆ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಭಾನುವಾರ ಹೋದೆ. ಭಾವ ಜಗಲಿಯಲ್ಲಿ ಎಲ್ಲ ಹರಡಿಕೊಂಡು ಕೂತಿದ್ದರು. ರಾಡು ತುಟಿಗೆ ಇಟ್ಟು ಮುಗಿದಿತ್ತು, ಎಣ್ಣೆ ತುಂಬಿತ್ತು, ಗುಳ್ಳೆ ಹೋಗಿತ್ತು. ರಿಂಗನ್ನು ನನ್ನ ಕಡೆ ಚಾಚಿದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

“ಅಕ್ಕ ಬ್ಯಾಡ ಅಂದವ್ಳೆ ಭಾವ.”

ಅವರು ಬಾಗಿಲ ಕಡೆ ನೋಡಿದರು. ಅಕ್ಕ ಹೊಸ್ತಿಲ ಒಳಗೆ ಮೊರದಲ್ಲಿ ಕಾಫಿಬೀಜ ಆರಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ.

“ಬಿಸಿಲು ಬಂದ್ಮೇಲೆ ಕೆಲ್ಸಕ್ಕೆ ಬನ್ನಿ ಅಂದ್ರೆ ಮುಗೀತಲ್ಲ. ಅದಕ್ಕೆ ಇವ್ರು ಹೋಗಿ ಕಾಲು ಕೊಡ್ಬೇಕಾ?” ಅಂದಳು ಬೀಜಕ್ಕೆ.

“ನಮ್ ತೋಟಕ್ಕೆ ಹೇಳ್ಬೋದು. ಎಸ್ಟೇಟ್‌ನೋರು ಕೇಳ್ತಾರಾ? ಹೊತ್ತಿಗೆ ಸರಿಯಾಗಿ ಹೋಗ್ಲಿಲ್ಲ ಅಂದ್ರೆ ಹಾಜ್ರಿ ಬರ್ಕೊಳ್ಳೋ ರೈಟರ್ ವಾಪಸ್ ಕಳಿಸ್ತಾನೆ. ಅವ್ರು ಕತ್ಲಲ್ಲೇ ಹೊರಡ್ತಾರೆ” ಅಂದರು ಭಾವ, ಶಾಕಿಗೆ.

ಭಾವ ತಾವೇ ರಿಂಗು ಹಾಕಲು ಶುರು ಮಾಡಿದರು. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಸ್ಕ್ರೂಡ್ರೈವರಿನಲ್ಲಿ ಒತ್ತಿದರು, ಅದು ಜಾರಿತು, ಮತ್ತೆ ಒತ್ತಿದರು. ನಾನು ನಿಂತು ನೋಡುತ್ತಿದ್ದೆ. ಹೊಸ ಎಣ್ಣೆಯ ಬಣ್ಣ ಬದಲಾದದ್ದು ನನಗೆ ಕಂಡಿತು. ತೋರುಬೆರಳು ಸೀಳಿ ರಕ್ತ ಕೊಳವೆಯೊಳಗೆ ಇಳಿಯುತ್ತಿತ್ತು, ಅವರು ಇನ್ನೂ ಒತ್ತುತ್ತಲೇ ಇದ್ದರು.

“ಭಾವ, ಕೈ” ಅಂದೆ.

ನೋಡಿಕೊಂಡರು. ಬೆರಳಿಗೆ ಬನಿಯನ್ ಸುತ್ತಿಕೊಂಡರು. ಕೆಟ್ಟ ಎಣ್ಣೆಯನ್ನೆಲ್ಲ ಚೆಲ್ಲಿ, ಒಳಗೆ ತೊಳೆದು, ಮತ್ತೆ ಹೊಸ ಎಣ್ಣೆ ಹುಯ್ದು, ಮತ್ತೆ ಮೊದಲಿನಿಂದ ಗುಳ್ಳೆ ಬಿಡಿಸಲು ಕೂತರು. ಬಯ್ಯಲಿಲ್ಲ, ಗೊಣಗಲಿಲ್ಲ. ಭಾವ ಗೊಣಗದೆ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ದಿನ. ನನಗೆ ಅಲ್ಲಿಂದ ಎದ್ದುಹೋಗಬೇಕು ಅನ್ನಿಸುತ್ತಿತ್ತು, ಹೋಗಲಿಲ್ಲ. ಗುಳ್ಳೆ ಮುಗಿಯುವ ಹೊತ್ತಿಗೆ ಅಂಗಳದ ಬಿಸಿಲು ದನದ ಕೊಟ್ಟಿಗೆಯವರೆಗೆ ಸರಿದಿತ್ತು. ಅವರು ಮತ್ತೆ ರಿಂಗು ಕೈಗೆತ್ತಿಕೊಂಡರು.

ಅಕ್ಕ ಮೊರ ಕೆಳಗಿಟ್ಟಳು. ಹಿತ್ತಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಲ್ಪರಿನ ಮುಂದೆ ಕೂತಳು.

“ಎಲ್ಲಿ ಕೂರ್ಬೇಕು ಅದು, ಹೇಳಿ.”

ಭಾವ ಹೇಳಿದರು. ಅಕ್ಕ ಬೆರಳು ಒಳಗೆ ಬಿಟ್ಟಳು. ಕಪ್ಪು ಬೀಜ, ಒಡಕು ಬೀಜಗಳನ್ನು ನೋಡದೆಯೇ ಬೇರೆ ಮಾಡುವ ಬೆರಳು ಅದು. ಸ್ವಲ್ಪ ಹೊತ್ತು ತಡಕಾಡಿ, ತುಟಿ ಕಚ್ಚಿ ಒಂದು ಸಲ ಒತ್ತಿದಳು. ಕಿಟ್ ಎಂದು ಸಣ್ಣ ಸದ್ದಾಯಿತು.

“ಕೂತ್ತು” ಅಂದಳು.

“ಸುತ್ತ ಇನ್ನೊಂದ್ಸಲ ತಡವು” ಅಂದರು ಭಾವ, ಅಭ್ಯಾಸಬಲದಿಂದ.

“ಕೂತ್ತು ಅಂದ್ನಲ್ಲ” ಎಂದು ಅಕ್ಕ ಎದ್ದಳು. ಸೀರೆಯ ಅಂಚಿನ ಎಣ್ಣೆ ನೋಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು: “ನಾಳೆಯಿಂದ ಬೂಟ್ ಹಾಕ್ಕೊಂಡು ಹೋಗಿ. ಸಂಜೆ ಬಂದ್ಮೇಲೆ ಕಾಲು ನಂಗೆ ತೋರಿಸ್ಬೇಕು. ದಿನಾ.”

ಅಂದಿನಿಂದ ಅದೊಂದು ಪದ್ಧತಿಯಾಯಿತು. ಸಂಜೆ ಕಾಫಿ ಕುಡಿದ ಮೇಲೆ ಭಾವ ಜಗಲಿಯ ಮೇಲೆ ಕಾಲು ಚಾಚಿ ಕೂರುವುದು, ಅಕ್ಕ ಗುಳ್ಳೆ ನೋಡುವ ಅದೇ ಟಾರ್ಚ್ ಹಿಡಿದು ಅಂಗಾಲು, ಬೆರಳ ಸಂದಿ ಎಲ್ಲ ನೋಡುವುದು. ಭಾವನಿಗೆ ನಾಚಿಕೆ. ನಾನಿದ್ದರೆ, “ನೋಡೋ ನಿಮ್ಮಕ್ಕನ್ನ, ಜಾತ್ರೇಲಿ ಎತ್ತಿನ ಗೊರಸು ನೋಡ್ದಂಗೆ ನೋಡ್ತಾಳೆ” ಅನ್ನುತ್ತಿದ್ದರು. ಬೆಳಿಗ್ಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಒಂದು ಸಲ ನಾನೂ ಹಿಂದೆ ಕೂತು ಹೋಗಿದ್ದೆ. ಇಂಜಿನ್ ಆಫ್ ಆದ ಮೇಲೆ ಟೈರಿನ ಕೆಳಗೆ ತರಗೆಲೆ ಸರಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಗುಂಡಿಗಳಿದ್ದರೂ ಶಾಕ್ ಒಂದು ಮಾತೂ ಆಡಲಿಲ್ಲ. ಭಾವ ಬಗ್ಗಿ ತಮ್ಮ ಬಲಗಾಲನ್ನೇ ನೋಡಿಕೊಂಡು ಬ್ರೇಕ್ ತುಳಿಯುತ್ತಿದ್ದರು. ನನಗೆ ಭಯವಾಯಿತು.

ಕಾಲಿಗೆ ತೊಂದರೆಯಾದದ್ದು ಬೈಕಿನಿಂದಲೂ ಅಲ್ಲ, ಆನೆಯಿಂದಲೂ ಅಲ್ಲ. ಮೊಮ್ಮಗುವಿಗೆ ಜ್ವರ ಎಂದು ಅಕ್ಕ ಕೆಲವು ದಿನ ಅರಸೀಕೆರೆಗೆ ಹೋಗಿದ್ದಳು. ಒಣಗಿದ ಕಾಫಿ ಕಾಯಿ ಒಂದು ಭಾವನ ಬಲಗಾಲಿನ ಬೂಟಿನೊಳಗೆ ಬಿದ್ದಿತ್ತು. ಕಣದಲ್ಲಿ ಓಡಾಡುವವರ ಬೂಟಿಗೆ ಅದು ಬೀಳುವುದೇನು ದೊಡ್ಡದಲ್ಲ. ಬೇರೆಯವರಾದರೆ ಕಾಲು ಕೊಡವಿ ತೆಗೆಯುತ್ತಿದ್ದರು. ಭಾವ ಅದರ ಮೇಲೇ ನಡೆದರು, ಅಕ್ಕ ವಾಪಸ್ ಬರುವವರೆಗೂ. ಅವಳು ಟಾರ್ಚ್ ಹಿಡಿದು ನೋಡುವ ಹೊತ್ತಿಗೆ ಅಂಗಾಲಿನಲ್ಲಿ ಗುಳಿ ಬಿದ್ದು, ವಾಸನೆ ಬಂದು, ಕಣಕಾಲು ಕಪ್ಪಾಗತೊಡಗಿತ್ತು.

ಹಾಸನದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ತೀರ್ಮಾನವಾಯಿತು. ಅದಕ್ಕೆ ಮುಂಚೆಯೇ ನಂಜು ಮೈಗೆಲ್ಲ ಏರಿ ಭಾವ ಹೋದರು. ತೋಟದ ಮೇಲಿನ ಬಯಲಲ್ಲಿ ಮಣ್ಣು ಮಾಡಿದೆವು. ಲೈನಿನವರೆಲ್ಲ ಬಂದಿದ್ದರು, ಬಿಸಿಲು ಚೆನ್ನಾಗಿ ಏರಿದ ಮೇಲೆ, ಗುಂಪಾಗಿ. ಮಣ್ಣು ಹಾಕು ಅಂದರು, ಹಾಕಿದೆ. ನಮಸ್ಕಾರ ಮಾಡು ಅಂದರು, ಮಾಡಿದೆ. ಅಂಗಡಿಯ ಮಷಿನ್ನಿಗೆ ಟೋನರ್ ತರಿಸಬೇಕಿತ್ತು, ಅದರ ಯೋಚನೆ ಬಂತು. ಸುತ್ತ ಎಲ್ಲರೂ ಅಳುತ್ತಿದ್ದರು. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನನಗೆ ಅಳು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಪ್ರೀತಿ ಇರಲಿಲ್ಲ ಅಂತಲ್ಲ. ಹೆತ್ತ ತಂದೆಗಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದೆ ಅವರನ್ನು.

ಈಗ ಬೆಳಿಗ್ಗೆ ಲೈನಿನ ಮಂಜ ಎನ್ನುವವನು ನಡೆದುಕೊಂಡು, ತಗಡು ಬಡಿಯುತ್ತಾ ಹೋಗಿ ನೋಡಿ ಬರುತ್ತಾನೆ. ಅಕ್ಕ ತನ್ನ ತೋಟಕ್ಕೆ ಬಿಸಿಲು ಬರುವವರೆಗೂ ಯಾರನ್ನೂ ಕರೆಯುವುದಿಲ್ಲ. ಬೈಕು ಸ್ಟೋರಿನಲ್ಲಿದೆ. ಶಾಕಿನ ಸೀಲು ಮತ್ತೆ ಸೋರುತ್ತಿದೆ, ಕೆಳಗೆ ಒಂದು ತೆಂಗಿನ ಚಿಪ್ಪು ಇಟ್ಟಿದ್ದಾಳೆ. ಬಿಚ್ಚೋಣವಾ ಎಂದು ಕೇಳಿದೆ. “ಇರ್ಲಿ ಬಿಡು” ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ನಾನು ಅತ್ತದ್ದು ಒಂದೇ ಸಲ, ಅದು ಭಾವ ಬದುಕಿದ್ದಾಗ. ಅವರು ಹೋಗುವ ಹಿಂದಿನ ದಿನ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಭಾವನ ಬಲಗಾಲಿಗೆ ಮೊಣಕಾಲಿನವರೆಗೂ ಬ್ಯಾಂಡೇಜ್ ಸುತ್ತಿದ್ದರು. ಜ್ವರ ಕೆಂಡದಂತೆ ಸುಡುತ್ತಿತ್ತು. ಕಣ್ಣು ಮುಚ್ಚಿ ಮಲಗಿದ್ದರು, ಮಾತು ಮಾತ್ರ ನಿಂತಿರಲಿಲ್ಲ. ನಾನು ಮಂಚದ ಕೊನೆಯಲ್ಲಿ ಕೂತೆ. ಹೊದಿಕೆಯೊಳಗೆ ಕೈ ಹಾಕಿ, ಬ್ಯಾಂಡೇಜ್ ಇಲ್ಲದ ಎಡಗಾಲನ್ನು ಹಿಡಿದು ಒತ್ತತೊಡಗಿದೆ.

“ಮಂಜ ತಗಡು ಬಡ್ಕೊಂಡು ಹೋಗ್ತಾನಂತೆ” ಅಂದರು. “ಹಂಗೆ ಬಡುದ್ರೆ ನೆಂಟ್ರಿಗೆ ಸಿಟ್ಟು ಬರ್ತೈತೆ. ನಾನು ಬರೋವರ್ಗೂ ರಸ್ತೆ ಬಿಟ್ಟು ಇಳೀಬ್ಯಾಡ ಅಂತ ಹೇಳು.”

“ಹೇಳ್ತೀನಿ ಭಾವ.”

“ಕಾಲು ಹೋದ್ರೆ ಹೋಯ್ತು ಕಣೋ. ಹಿಂದಿನ ಬ್ರೇಕ್ ಒಂದು ತಾನೇ ಬಲಗಾಲಲ್ಲಿರೋದು? ಅದನ್ನ ಕೈಗೆ ತಂದ್ರಾಯ್ತು. ಮಾಡ್ಕೊಂಡವ್ರೆ, ನಾನು ನೋಡಿದೀನಿ ಫೋನಲ್ಲಿ. ಗೇರ್ ಎಡಗಡೆ. ಎಡಗಾಲು ಚೆನ್ನಾಗೈತೆ.”

ನಾನು ಹೆಬ್ಬೆರಳನ್ನು ಅವರ ಎಡ ಅಂಗಾಲಿಗೆ ಊರಿ ಒತ್ತುತ್ತಿದ್ದೆ. ಇನ್ನೂ ಜೋರಾಗಿ ಒತ್ತಿದೆ. ಅವರು ಬ್ರೇಕಿನ ಕೇಬಲ್ ಎಲ್ಲಿಂದ ತರಬೇಕು ಎಂದು ಹೇಳುತ್ತಲೇ ಇದ್ದರು. ಅದು ಮುಗಿದ ಮೇಲೆ ಕಣ್ಣು ತೆರೆಯದೆ ಅಂದರು:

“ಬಂದಾಗಿನಿಂದ ಸುಮ್ನೆ ಕೂತಿದ್ದೀಯಲ್ಲೋ ಮಾರಾಯ. ಆ ಎಡಗಾಲನ್ನಾದ್ರೂ ಒಂಚೂರು ಒತ್ತೋ.”

ನನ್ನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

“ಆಯ್ತು ಭಾವ” ಅಂದೆ.

“ಹಾಂ. ಹಂಗೆ” ಅಂದರು ಭಾವ. “ಈಗ ಗೊತ್ತಾಗ್ತೈತೆ.”